ಬೆಳಕಿನ ಮಕ್ಕಳ ಹಾಜರಿ

ಟೀಚರುಗಳ ತರಬೇತಿ ಕೊಠಡಿಯಲ್ಲಿ, ಯಂತ್ರ ಮೂಡಿಸಿದ ಬೆಳಕಿನ ಮಕ್ಕಳು ಬೆಂಚುಗಳ ಮೇಲೆ ಕೂತು ಕಾಲಾಡಿಸುತ್ತಿದ್ದರು. ಪರದೆ ಮುಟ್ಟಿದ್ದರೆ ಹಾಜರಿ ತಾನೇ ತುಂಬಿಕೊಳ್ಳುತ್ತಿತ್ತು. ನೀಲಗಂಗಾ ಟೀಚರು ಮಾತ್ರ ಒಂದೊಂದೇ ಹೆಸರು ಕೂಗಿ, "ಪ್ರೆಸೆಂಟ್ ಮಿಸ್" ಕೇಳಿಸಿಕೊಳ್ಳುತ್ತಲೇ, ಪರದೆ ಬಳಸಿ ಪಾಠ ಮಾಡಿ ತೋರಿಸಬೇಕಿದ್ದ ತಮ್ಮ ಪರೀಕ್ಷೆಯ ಸಮಯ ಕಳೆದರು.

"ನಾಲ್ಕನೇ ಸಲ, ಟೀಚರ್. ಬೇಕಂತಲೇ ಫೇಲಾಗ್ತೀರಲ್ವಾ?" ಎಂದರು ತರಬೇತುದಾರ ಹನೀಫ್.

"ಪಾಸಾದ್ರೆ ಶಾಲೆಗೆ ಕಳಿಸ್ತೀರಿ, ಸರ್. ಅಲ್ಲಿನ ಮಕ್ಕಳೆಲ್ಲ ಮನೆಯಿಂದಲೇ ಕಲೀತಾರೆ. ದಿನವಿಡೀ ನಾನು, ಪರದೆ, ಖಾಲಿ ಬೆಂಚು. ಇಲ್ಲಿ ಇವರಾದ್ರೂ ಓಗೊಡ್ತಾರೆ."

"ಈ ಸಲವೂ ಫೇಲಾದ್ರೆ ಕೆಲಸವೇ ಹೋಗುತ್ತೆ."

ಹನೀಫ್ ಪಾಸು ಎಂದು ಒತ್ತಿದರು. ಟೀಚರು ಚೀಲ ಎತ್ತಿಕೊಂಡರು.

"ಇವರನ್ನು ಸ್ವಿಚ್ ಆಫ್ ಮಾಡೋ ಮುಂಚೆ ಇನ್ನೊಂದು ಸಲ ಹಾಜರಿ ಕರೀರಿ," ಎಂದು ಹನೀಫ್ ಹಿಂದಿನ ಬೆಂಚಿಗೆ ಹೋಗಿ ಕೂತರು.

ಟೀಚರು ಎಲ್ಲರ ಹೆಸರನ್ನೂ ಕರೆದರು. ಕೊನೆಗೆ, "ಹನೀಫ್."

"ಪ್ರೆಸೆಂಟ್ ಮಿಸ್."