ಹಪ್ಪಳ ಹೇಳಿದ ಸಾಕ್ಷಿ

ಊರಿನವರ ಯೋಚನೆಗಳನ್ನೆಲ್ಲ ನಡೆಸುವ ಯಂತ್ರಗಳು, ತಲೆಗೊಂದರಂತೆ, ಒಂದೇ ಕಟ್ಟಡದಲ್ಲಿದ್ದವು. ಯೋಚನೆ ಹೆಚ್ಚಿದಷ್ಟೂ ಯಂತ್ರದ ಬೆನ್ನಿನ ಗಾಳಿ ಬಿಸಿ. ಹೆಂಗಸರು ಅದರಲ್ಲೇ ಹಪ್ಪಳ ಒಣಗಿಸುತ್ತಿದ್ದರು.

ವಾರದಿಂದ ಗಂಡನ ಯಂತ್ರದ ಹಿಂದಿನ ಹಪ್ಪಳ ದಿನದಿಂದ ದಿನಕ್ಕೆ ಬೇಗ ಗರಿಗರಿಯಾಗತೊಡಗಿ, ನೀಲವ್ವನ ತಲೆಯೊಳಗೆ ಅನುಮಾನದ ಹುಳ ಹೊಕ್ಕಿತ್ತು. ಮನೆಯಲ್ಲಿ ಕೇಳಿದರೆ ‘ಏನೂ ಇಲ್ಲ’ ಅನ್ನುವ ಮನುಷ್ಯ ಯಾರನ್ನು ನೆನೆದು ಇಷ್ಟು ಬಿಸಿಯಾಗುತ್ತಾನೆ?

ಯಂತ್ರಗಳ ಗಾಳಿ ನೋಡಿಕೊಳ್ಳುವ ಶಾಹೀನಾಳನ್ನು ತಡೆದು ನಿಲ್ಲಿಸಿದಳು. “ಖರೇ ಹೇಳು, ಯಾರು ಆಕಿ?”

ಶಾಹೀನಾ ಯಂತ್ರದ ಸಂದಿಯಲ್ಲಿ ಕೈಯಾಡಿಸಿದಳು. “ಎರಡು ಯಂತ್ರದ ನಡುವಿನ ತಗಡು ಸರದೈತ್ರೀ ಅಕ್ಕಾರ. ಅಣ್ಣಾರದು ತಣ್ಣಗ ಐತಿ. ಬಿಸಿ ಬರಾಕತ್ತಿದ್ದು ಪಕ್ಕದ್ದರಿಂದ.”

“ಪಕ್ಕದ್ದು ಯಾರದು?” ನೀಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ನಿಮ್ದ ಐತ್ರೀ.”