ಅಪ್ಪನ ಖಾಲಿ ಡಬ್ಬಿ

ದಿನದ ಕೆಲಸ ಮುಗಿಸಿ ದಣಿದು ಬಸ್ಸಿನಲ್ಲಿ ಮರಳುವಾಗ, ಕುಷ್ಟಗಿಯ ರಸ್ತೆಗೆ ಹಾಕುತ್ತಿರುವ ಡಾಂಬರಿನ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ತಳಕ್ಕೆ ಡಾಂಬರು ಬಳಿದ ಅಪ್ಪನ ತೆಪ್ಪವೇ ನೆನಪಾಗುತ್ತದೆ.

ಅದು ಚಳಿಗಾಲದ ಮಧ್ಯಾಹ್ನ. ತೆಪ್ಪದಲ್ಲಿ ಜೊತೆಗೆ ಹೋಗುತ್ತಿದ್ದ ಅವ್ವ ಜ್ವರ ಬಂದು ಮಲಗಿದ್ದಳು. ತುಂಗಭದ್ರೆಯ ಹಿನ್ನೀರಿನಲ್ಲಿ ಬಲೆ ಎತ್ತಲು ಅಪ್ಪ ನನ್ನನ್ನು ಕರೆದೊಯ್ದ. ನೀರಿಗೆ ಬಿದ್ದರೆ ತೇಲಲೆಂದು ದಿನವೂ ತನ್ನ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಖಾಲಿ ಎಣ್ಣೆ ಡಬ್ಬಿಯನ್ನು ಅಂದು ನನ್ನ ಬೆನ್ನಿಗೆ ಬಿಗಿದ. ಒರಟು ಹಗ್ಗ ಕಂಕುಳಲ್ಲಿ ಒತ್ತುತ್ತಿತ್ತು.

“ನಿನಗ ಬ್ಯಾಡೇನು?” ಎಂದೆ.

“ನನಗ ಈಸಾಕ ಬರ್ತೈತಿ. ನಡುವ ಕುಂದ್ರು, ಏಳಬ್ಯಾಡ.”

ಅರ್ಧ ಬಲೆ ಎತ್ತುವಷ್ಟರಲ್ಲಿ ಗಾಳಿ ಎದ್ದು ನೀರು ತೆಪ್ಪದೊಳಗೆ ಸಿಡಿಯತೊಡಗಿತು. ಅಪ್ಪ ಉಳಿದ ಬಲೆಯನ್ನು ಅಲ್ಲೇ ಬಿಟ್ಟು ದಡದ ಕಡೆ ಹುಟ್ಟು ಹಾಕಿದ. ಮೀನು ಹೋಯಿತೆಂದು ನಾನು ದಾರಿಯುದ್ದಕ್ಕೂ ಮುನಿಸಿಕೊಂಡಿದ್ದೆ.

ದಡದಲ್ಲಿ ಅವ್ವ ಕೌದಿ ಹೊದ್ದು ನಿಂತಿದ್ದಳು. ನನ್ನ ಬೆನ್ನಿನ ಡಬ್ಬಿ ನೋಡಿದಳು, ಅಪ್ಪನ ಬರಿ ಸೊಂಟ ನೋಡಿದಳು.

“ಈಸಾಕ ಬರದವ್ರು ಡಬ್ಬಿ ಬಿಟ್ಟು ನೀರಿಗಿ ಹೋಗ್ತಾರೇನ್ರಿ?”

ಅಪ್ಪ ನನ್ನನ್ನು ತಿರುಗಿಸಿ ನಿಲ್ಲಿಸಿದ. ನನ್ನ ಬೆನ್ನಿನ ಗಂಟು ಬಿಚ್ಚಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಹಗ್ಗ ಮತ್ತೆ ಮತ್ತೆ ಬೆರಳಿನಿಂದ ಜಾರುತ್ತಿತ್ತು.

“ಥಂಡಿ ಭಾಳ ಐತಿ,” ಅಂದ.