ಹೊಸ್ತಿಲ ಕೆಳಗಿನ ಸವತಿ

ನೈಲ್ ನದಿಯ ದಂಡೆಯಲ್ಲಿ ನೂಬಿಯಾದ ರಾಜಧಾನಿ. ರಾಜ ತೀರಿಕೊಂಡು ತಿಂಗಳೂ ಆಗಿರಲಿಲ್ಲ, ದೊಡ್ಡ ರಾಣಿ ಶಿಲ್ಪಿಯನ್ನು ಗುಡಿಯ ಅಂಗಳಕ್ಕೆ ಕರೆಸಿದಳು. ಅಲ್ಲಿ ಅವಳ ಕಲ್ಲಿನ ಪ್ರತಿಮೆಯ ಪಕ್ಕದಲ್ಲೇ ಸವತಿಯದೂ ನಿಂತಿತ್ತು.

“ಅವಳಿಗೆ ಇಷ್ಟು ಚೆಂದದ ಮೂಗು ಎಲ್ಲಿತ್ತೋ?”

“ಇದ್ದದ್ದನ್ನೇ ಕೆತ್ತಿದೆ, ತಾಯಿ.”

“ನನ್ನದನ್ನೂ ಇದ್ದ ಹಾಗೇ ಕೆತ್ತಿದೆಯಾ?”

ಶಿಲ್ಪಿ ಕೆಮ್ಮಿ ಮಾತು ತಿರುಗಿಸಿದ. “ಅವರದನ್ನು ಒಡೆದುಬಿಡಲೇ, ತಾಯಿ?”

“ಒಡೆದರೆ ಒಂದು ದಿನಕ್ಕೆ ಮುಗಿದುಹೋಯಿತಲ್ಲ! ಹಗೆಗಳ ಪ್ರತಿಮೆಯನ್ನು ಹೊಸ್ತಿಲ ಕೆಳಗೆ ಹೂಳುತ್ತೇವಲ್ಲ, ಹಾಗೆ ಈ ಗುಡಿಯ ಹೊಸ್ತಿಲ ಕೆಳಗೆ ಹೂಳು. ಮುಖ ಮೇಲಿರಲಿ. ದಿನಾ ಊರೆಲ್ಲ ತುಳಿಯಲಿ.”

“ತಮ್ಮದನ್ನು?”

“ಹೆಬ್ಬಾಗಿಲ ನೆತ್ತಿಗೆ ಏರಿಸು. ಎಷ್ಟು ಕಾಲ ಹೋದರೂ ಈ ಊರಿಗೆ ರಾಣಿಯೆಂದರೆ ಒಬ್ಬಳೇ ಅನ್ನಬೇಕು ಜನ.”

ಶಿಲ್ಪಿ ಹೇಳಿದಂತೆ ಮಾಡಿದ. ಸವತಿಯ ಮುಖದ ಮೇಲೆ ಮೆತ್ತಗೆ ಮರಳು ಹಾಸಿ, ಹೊಸ್ತಿಲುಗಲ್ಲು ಕೂರಿಸಿದ. ದೊಡ್ಡ ರಾಣಿ ಬದುಕಿರುವವರೆಗೂ ಆ ಕಲ್ಲನ್ನು ಒತ್ತಿ ತುಳಿದೇ ಒಳಗೆ ಹೋದಳು.

ಆಮೇಲೆ ಎರಡು ಸಾವಿರ ವರ್ಷ ಮರಳುಗಾಳಿ ಬೀಸಿತು. ಊರೆಲ್ಲ ಬಿದ್ದ ಗೋಡೆ, ಮರಳಿನ ದಿಬ್ಬ ಆಯಿತು.

ಪಾಳುಗುಡಿ ತೋರಿಸುವ ಹೆಂಗಸನ್ನು, ನೋಡಲು ಬಂದ ಹುಡುಗಿಯೊಬ್ಬಳು ಕೇಳಿದಳು: “ಅಕ್ಕಾ, ಹೆಬ್ಬಾಗಿಲ ಹತ್ತಿರ ಬಿದ್ದಿದೆಯಲ್ಲ, ಮೂಗು ಬಾಯಿ ಇಲ್ಲದ ಪ್ರತಿಮೆ, ಅದು ಯಾರದು?”

“ಯಾರದೋ ಏನೋ, ಗಾಳಿ ಸವೆಸಿಬಿಟ್ಟಿದೆ. ಇಲ್ಲಿ ಬಾರೇ, ಹೊಸ್ತಿಲ ಕೆಳಗೆ ಸಿಕ್ಕವಳನ್ನು ನೋಡು. ಕಣ್ಣಿನ ರೆಪ್ಪೆ ಕೂಡ ಮುಕ್ಕಾಗಿಲ್ಲ. ಈ ಊರಿಗೆ ರಾಣಿಯೆಂದರೆ ಇವಳೊಬ್ಬಳೇ.”